ತೊಗಲಿನ ಪಾಡು

ಶರೀರದ ಅಂಗಗಳಲ್ಲಿ ತೊಗಲಿಗೆ ದೊರೆತಿರುವ ಮರ್ಯಾದೆ ಬಹು ಸ್ವಲ್ಪ. ಹೃದಯಕ್ಕೆ ಕವಿಗಳ ಆಶ್ರಯವಿದೆ. ಮಿದುಳಿಗೆ ಪಂಡಿತರ ಗೌರವವಿದೆ. ಕಣ್ಣಿಗಂತೂ ಇಬ್ಬರ ಉಪಚಾರವೂ ಉಂಟು. ತೊಗಲನ್ನು ನೆನೆಯುವವರು ವೈರಾಗ್ಯವನ್ನು ಬೋಧಿಸುವವರು ಮಾತ್ರ. ಅವರಾದರೂ ಅದನ್ನು ನೆನೆಯುವುದು ಹಳಿಯುವುದಕ್ಕಾಗಿ. ಇಂದು ನಯವಾಗಿದ್ದು ನಾಳೆ ಸುಕ್ಕಿಹೋಗುವ ಚೀಲ ಎಂಬುದೇ ಅವರು ಅದಕ್ಕೆ ಕೊಟ್ಟಿರುವ ಬಿರುದು. ಆದರೆ ವಿಚಾರಿಸಿ ನೋಡಿದರೆ ಮನುಷ್ಯನು ಲೋಕದೊಡನೆ ನಡೆಸುವ ವ್ಯವಹಾರವೆಲ್ಲ ಈ ಚೀಲದ ಮೂಲಕವೇ ನಡೆಯತಕ್ಕದ್ದು. ತಾಯಿ ಮಗುವಿನ ಜ್ವರವನ್ನು ಅರಿಯುವುದು ಅಂಗೈಯಿಂದ. ಒಕ್ಕಲಿಗನು ಮಣ್ಣಿನ ಹದವನ್ನು ತಿಳಿಯುವುದು ಅಂಗಾಲಿನಿಂದ. ನೇಯುವವನು ಎಳೆಯ ಬಿಗಿಯನ್ನು ಕಾಣುವುದು ಬೆರಳ ತುದಿಯಿಂದ. ಒಬ್ಬರು ಇನ್ನೊಬ್ಬರಲ್ಲಿ ಮೊದಲು ನೋಡುವುದೂ ತೊಗಲನ್ನೇ. ಒಳಗಿನ ಅಂಗ ಕೆಟ್ಟರೆ ಅದು ರೋಗಿಗೂ ವೈದ್ಯರಿಗೂ ಸೇರಿದ ಸಂಗತಿ. ತೊಗಲು ಕೆಟ್ಟರೆ ಅದು ಊರಿಗೆಲ್ಲ ಸೇರಿದ ಸಂಗತಿಯಾಗುತ್ತದೆ.

ಅರ್ಬುದರೋಗ, ಎಂದರೆ ಈಗ ಹಳ್ಳಿಯವರೂ ಕ್ಯಾನ್ಸರ್ ಎಂದೇ ಕರೆಯುವ ವ್ಯಾಧಿ, ಬಹುಮಟ್ಟಿಗೆ ಒಳಗಿನ ಶತ್ರು. ಹೊಟ್ಟೆಯಲ್ಲಿಯೋ ಎದೆಯಲ್ಲಿಯೋ ಅದು ಅಡಗಿರುವಷ್ಟು ಕಾಲ ರೋಗಿ ಹೊರಗೆ ಎಲ್ಲರಂತೆ ಕಾಣಬಹುದು. ನೆರೆಹೊರೆಗೆ ತಿಳಿಯದಂತೆ ಇರಲೂಬಹುದು. ಆ ಗುಟ್ಟನ್ನು ಬಯಲಿಗೆ ತರುವುದು ಅನೇಕ ವೇಳೆ ರೋಗವಲ್ಲ, ಚಿಕಿತ್ಸೆ. ಇದರ ಕಾರಣ ಸುಲಭವಾಗಿ ತಿಳಿಯತಕ್ಕದ್ದೇ. ಕ್ಯಾನ್ಸರಿನ ಜೀವಕೋಶಗಳು ಎಡೆಬಿಡದೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಬೆಳೆಯುವಂಥವು. ಹೀಗೆ ಒಡೆಯುತ್ತಿರುವ ಕೋಶಗಳನ್ನು ಹುಡುಕಿ ಕೊಲ್ಲುವುದೇ ಹಳೆಯ ಔಷಧಗಳ ಧರ್ಮ. ಆದರೆ ಆರೋಗ್ಯವಾದ ಮೈಯಲ್ಲಿಯೂ ಕೆಲವು ಕಡೆ ಇಂಥ ಕೆಲಸ ನಿತ್ಯವೂ ನಡೆಯುತ್ತಿರುತ್ತದೆ. ಮೇಲ್ದೊಗಲು ತಳದಿಂದ ಹುಟ್ಟಿ ಮೇಲಕ್ಕೆ ಬಂದು ಉದುರಿ, ಸುಮಾರು ನಾಲ್ಕು ವಾರಗಳಿಗೊಮ್ಮೆ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುತ್ತದೆ. ಕೂದಲ ಬುಡವೂ ಉಗುರಿನ ಬುಡವೂ ಹಾಗೆಯೇ ದುಡಿಯುತ್ತವೆ. ಶತ್ರುವಿಗೆ ಹೂಡಿದ ಬಾಣ ಈ ಬಡಪಾಯಿ ಕೆಲಸಗಾರರಿಗೂ ತಗಲುತ್ತದೆ.

ಈ ಚಿಕಿತ್ಸೆಗಳ ಚರಿತ್ರೆಯನ್ನು ನೋಡಿದರೂ ತೊಗಲಿಗೂ ಅವಕ್ಕೂ ಇರುವ ಹಗೆ ಹುಟ್ಟಿನಿಂದಲೇ ಬಂದದ್ದೆಂದು ತೋರುತ್ತದೆ. ರಾಂಟ್‌ಜೆನ್ ಮಹಾಶಯನು ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಮರುವರ್ಷವೇ ಆ ಕಿರಣದೊಡನೆ ಕೆಲಸಮಾಡುತ್ತಿದ್ದವರ ಕೈಗಳು ಕೆಂಪೇರಿ ಸುಲಿದುವು, ಕೂದಲು ಉದುರಿತು. 1901ರಲ್ಲಿ ಬೆಕರೆಲ್ ಎಂಬ ಫ್ರೆಂಚ್ ವಿಜ್ಞಾನಿ ರೇಡಿಯಮ್ ತುಂಬಿದ ಸಣ್ಣ ನಳಿಗೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಾಡಿ, ಅದರ ಕೆಳಗಿನ ತೊಗಲಿನಲ್ಲಿ ಸುಟ್ಟ ಗಾಯವನ್ನು ಪಡೆದನು. ತೊಗಲನ್ನು ಸುಡುವ ಶಕ್ತಿ ಗಡ್ಡೆಯನ್ನೂ ಸುಡಬಹುದಲ್ಲವೆ ಎಂಬ ಆಲೋಚನೆಗೆ ಇಂಥ ಗಾಯಗಳೇ ಬಲವನ್ನು ಕೊಟ್ಟುವು. ರಾಸಾಯನಿಕ ಔಷಧಗಳ ಕಥೆಯೂ ಹೀಗೆಯೇ. 1917ರಲ್ಲಿ ಈಪ್ರ್ ಎಂಬಲ್ಲಿಯ ರಣರಂಗದಲ್ಲಿ ಸೈನಿಕರ ಮೈಮೇಲೆ ಬೊಬ್ಬೆಗಳನ್ನೆಬ್ಬಿಸಿದ ಸಾಸಿವೆ ಅನಿಲದ ಜ್ಞಾತಿಯಾದ ಒಂದು ದ್ರವ್ಯವನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಮೊದಲ ಬಾರಿಗೆ ಕ್ಯಾನ್ಸರ್ ರೋಗಿಯೊಬ್ಬನಿಗೆ ಕೊಟ್ಟರು. ಅಲ್ಲಿಂದೀಚೆಗೆ ಔಷಧಗಳು ಎಷ್ಟೋ ಸೌಮ್ಯವಾಗಿವೆ, ಎಷ್ಟೋ ಜೀವಗಳನ್ನು ಉಳಿಸಿವೆ. ಆದರೂ ತೊಗಲಿನೊಡನೆ ಅವುಗಳ ಹಳೆಯ ಜಗಳ ಪೂರ್ತಿ ತೀರಿಲ್ಲ.

ಇಷ್ಟು ಶಾಸ್ತ್ರ ಸಾಕು. ಶಾಸ್ತ್ರದಲ್ಲಿ ಉಪಪರಿಣಾಮವೆಂಬ ಒಂದು ಶಬ್ದದಲ್ಲಿ ಮುಗಿಯುವ ಸಂಗತಿ ಒಂದು ಮನೆಯಲ್ಲಿ ಹೇಗೆ ಬಾಳುತ್ತದೆ ಎಂಬುದೇ ಇಲ್ಲಿ ವಿಚಾರಿಸತಕ್ಕದ್ದು. ಅದಕ್ಕಾಗಿ ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿರುವ ಬಿ.ಜಿ. ಕೆರೆಯಂಥ ಊರೊಂದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬಹುದು. ಮಳೆ ಕಡಮೆ, ಬಿಸಿಲು ಹೆಚ್ಚು. ಹೊಲದಲ್ಲಿ ಕಡಲೆಕಾಯಿ, ಬಯಲಿನಲ್ಲಿ ಕುರಿಮಂದೆ. ಒಂದು ಕಡೆ ಎಣ್ಣೆಗೂ ಕಂಬಳಿಗೂ ಹೆಸರಾದ ಚಳ್ಳಕೆರೆ; ಇನ್ನೊಂದು ಕಡೆ ರೇಷ್ಮೆಯ ಸೀರೆಗೆ ಹೆಸರಾದ ಮೊಳಕಾಲ್ಮೂರು. ಇಲ್ಲಿ ಬದುಕೆಂದರೆ ಕೈಯ ಬದುಕು. ಕಾಯಿ ಬಿಡಿಸುವ ಕೈ, ಉಣ್ಣೆ ನೂಲುವ ಕೈ, ಲಾಳಿ ನಡೆಸುವ ಕೈ.

ಇಂಥ ಊರಿನ ಯಾವ ಮನೆಯಲ್ಲಿಯಾದರೂ ಇರಬಹುದಾದ, ಐವತ್ತು ದಾಟಿದ ಒಬ್ಬ ಗೃಹಿಣಿಗೆ ಕ್ಯಾನ್ಸರ್ ಕಾಣಿಸಿಕೊಂಡಿತೆನ್ನೋಣ. ಮನೆಯವರು 200 ಕಿಲೋಮೀಟರಿಗೂ ಹೆಚ್ಚು ದೂರವಿರುವ ಬೆಂಗಳೂರಿಗೆ, 1973ರಲ್ಲಿ ಅಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಗೋ, ಅಥವಾ ಹತ್ತಿರದ ಬೇರೊಂದು ಪಟ್ಟಣಕ್ಕೋ ಆಕೆಯನ್ನು ಕರೆದೊಯ್ಯುತ್ತಾರೆ. ಶಸ್ತ್ರಚಿಕಿತ್ಸೆ ಆಯಿತು. ಮುಂದೆ ಮನೆಯಲ್ಲಿಯೇ ಕುಳಿತು ನುಂಗುವಂತೆ ಕ್ಯಾಪಿಸಿಟಬೀನ್ ಎಂಬ ಮಾತ್ರೆಯನ್ನು ಕೊಟ್ಟರು: ಎರಡು ವಾರ ನುಂಗುವುದು, ಒಂದು ವಾರ ಬಿಡುವುದು. ಆಸ್ಪತ್ರೆಯ ಹಾಸಿಗೆ ತಪ್ಪಿತು, ಬಸ್ಸಿನ ಖರ್ಚು ಉಳಿಯಿತು ಎಂದು ಮನೆಯವರಿಗೆ ಸಂತೋಷ.

ಈ ಮಾತ್ರೆಯನ್ನು ತೆಗೆದುಕೊಳ್ಳುವವರಲ್ಲಿ ಅನೇಕರಿಗೆ ಅಂಗೈ ಅಂಗಾಲುಗಳು ಮೊದಲು ಜುಮ್ಮೆನ್ನುತ್ತವೆ. ಆಮೇಲೆ ಕೆಂಪಾಗುತ್ತವೆ, ಉರಿಯುತ್ತವೆ. ಜೋರಾದರೆ ಊದಿ, ಸುಲಿದು, ಬಿರಿಯುತ್ತವೆ. ವೈದ್ಯರು ಇದನ್ನು ಕೈಕಾಲು ಲಕ್ಷಣವೆಂದು ಕರೆದು, ಒಂದನೆಯ ದರ್ಜೆ, ಎರಡನೆಯ ದರ್ಜೆ, ಮೂರನೆಯ ದರ್ಜೆ ಎಂದು ಅಳೆಯುತ್ತಾರೆ. ಬಿಸಿ, ಒತ್ತಡ, ತಿಕ್ಕಾಟ ಇವು ಮೂರೂ ಅದನ್ನು ಹೆಚ್ಚಿಸುತ್ತವೆ. ಹಾಗಾದರೆ ಆಕೆಯ ದಿನಚರಿಯಲ್ಲಿ ಬಿಸಿಯೂ ಒತ್ತಡವೂ ತಿಕ್ಕಾಟವೂ ಇಲ್ಲದ ಕೆಲಸ ಯಾವುದಿದೆ? ಒಲೆಯಿಂದ ಇಳಿಸಿದ ರಾಗಿಯ ಹಿಟ್ಟನ್ನು ಆರುವುದಕ್ಕೆ ಮೊದಲೇ ಅಂಗೈಯಿಂದ ಉರುಳಿಸಿ ಮುದ್ದೆ ಕಟ್ಟಬೇಕು. ಬಟ್ಟೆಯನ್ನು ಕಲ್ಲಿನ ಮೇಲೆ ಉಜ್ಜಬೇಕು, ಪಾತ್ರೆಯನ್ನು ತಿಕ್ಕಬೇಕು, ಬರಿಗಾಲಿನಲ್ಲಿ ಕಾದ ಅಂಗಳವನ್ನು ದಾಟಬೇಕು. ಉಣ್ಣುವುದಕ್ಕೆ ಕುಳಿತರೂ ಬಿಡುಗಡೆಯಿಲ್ಲ. ಬಿರಿದ ಬೆರಳನ್ನು ಕಾರದ ಸಾರಿಗೆ ಅದ್ದುವವರಿಗೆ ಊಟವೇ ಒಂದು ಶಿಕ್ಷೆ. ಚಮಚದಲ್ಲಿ ಉಣ್ಣಬಹುದಲ್ಲ ಎಂದು ಪಟ್ಟಣದವರು ಹೇಳಿಯಾರು. ಮನೆಮಂದಿಯೆಲ್ಲ ಕೈಯಲ್ಲಿ ಮುದ್ದೆ ಮುರಿಯುತ್ತಿರುವಾಗ ತಾನೊಬ್ಬಳು ಚಮಚ ಹಿಡಿಯುವುದೆಂದರೆ ತಾನು ರೋಗಿಯೆಂದು ತುತ್ತುತುತ್ತಿಗೂ ಸಾರಿದಂತೆ.

ಇನ್ನು ನೆರೆಯವರ ಕಣ್ಣು. ನಲ್ಲಿಯ ಬಳಿ ಕೊಡ ಎತ್ತುವಾಗ ಸುಲಿದ ಅಂಗೈ ಒಬ್ಬರಿಗೆ ಕಾಣುತ್ತದೆ. “ಯಾಕಕ್ಕ, ಕೈಗೇನಾಗೈತೆ?” “ಏನಿಲ್ಲ ಕಣವ್ವ, ಬಿಸಿ ತಾಕೈತೆ.” ಒಂದು ವಾರ ಈ ಉತ್ತರ ನಡೆಯುತ್ತದೆ, ಎರಡನೆಯ ವಾರ ನಡೆಯುವುದಿಲ್ಲ. ತೊನ್ನಿಗೂ ಕುಷ್ಠಕ್ಕೂ ತಲೆಮಾರುಗಳಿಂದ ಹೆದರಿಕೊಂಡು ಬಂದ ಜನ ತೊಗಲಿನ ಮೇಲಿನ ಯಾವ ಗುರುತನ್ನೂ ಅಂಟುಜಾಡ್ಯವೆಂದೇ ಶಂಕಿಸುತ್ತಾರೆ. ಆಕೆ ಕಟ್ಟಿದ ಮುದ್ದೆಯನ್ನು ತಿನ್ನಬಹುದೆ, ಆಕೆ ಎತ್ತಿಕೊಂಡ ಮಗುವಿಗೆ ಏನಾದರೂ ಆದೀತೆ ಎಂಬ ಪಿಸುಮಾತು ಹುಟ್ಟುತ್ತದೆ. ಇದು ಅಂಟುವ ಜಾಡ್ಯವೇ ಅಲ್ಲ. ಆದರೆ ಪಿಸುಮಾತಿಗೆ ಉತ್ತರ ಕೊಡುವುದು ಹೇಗೆ? ಅದನ್ನು ಯಾರೂ ಎದುರಿಗೆ ಆಡುವುದಿಲ್ಲ. ಆಕೆ ಮದುವೆಗೆ ಹೋಗುವುದನ್ನು ಬಿಡುತ್ತಾಳೆ. ಜಾತ್ರೆಗೆ ಹೋಗುವುದನ್ನು ಬಿಡುತ್ತಾಳೆ. ಕೊನೆಗೆ ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೂ ತಾನಾಗಿಯೇ ಬಿಡುತ್ತಾಳೆ. ರೋಗ ಇಷ್ಟನ್ನು ಮಾಡಿರಲಿಲ್ಲ.

ಹೆಬ್ಬೆಟ್ಟಿನ ವಿಷಯವಂತೂ ಹಿಂದಿನವರು ಊಹಿಸಲಾರದ್ದು. ಹಿಂದೆ ಹೆಬ್ಬೆಟ್ಟೊತ್ತುವುದು ಓದುಬರಹವಿಲ್ಲದವರ ಲಕ್ಷಣವೆಂದು ತಿಳಿದವರು ನಗುತ್ತಿದ್ದರು. ಆಧಾರ್ ಬಂದ ಮೇಲೆ ಪಂಡಿತ ಪಾಮರರಿಬ್ಬರೂ ಹೆಬ್ಬೆಟ್ಟಿನವರೇ ಆದರು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಬೇಕಾದರೂ ಸಣ್ಣ ಯಂತ್ರವೊಂದರ ಮೇಲೆ ಬೆರಳಿಡಬೇಕಾಗುತ್ತದೆ. ಕ್ಯಾಪಿಸಿಟಬೀನ್ ಬೆರಳ ತುದಿಯ ಗೆರೆಗಳನ್ನು ಕೆಲವರಲ್ಲಿ ಅಳಿಸಿಬಿಡುತ್ತದೆ. 2009ರಲ್ಲಿ ಸಿಂಗಪುರದ ವೈದ್ಯರೊಬ್ಬರು ಇಂಥ ಒಂದು ಸಂಗತಿಯನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡಿದ್ದ 62 ವರ್ಷದ ರೋಗಿಯೊಬ್ಬರು ಬಂಧುಗಳನ್ನು ನೋಡಲು ಅಮೆರಿಕಕ್ಕೆ ಹೋದಾಗ, ಬೆರಳಚ್ಚು ಸಿಕ್ಕದೆ, ಅಲ್ಲಿಯ ಅಧಿಕಾರಿಗಳು ಅವರನ್ನು ನಾಲ್ಕು ಗಂಟೆಗಳ ಕಾಲ ತಡೆದು ನಿಲ್ಲಿಸಿದರಂತೆ. ಅಮೆರಿಕಕ್ಕೆ ಹೋಗುವ ಯೋಗ ಬಿ.ಜಿ. ಕೆರೆಯ ಗೃಹಿಣಿಗೆ ಇಲ್ಲದಿರಬಹುದು. ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು, ಹಿಂದಿನವರು ಗೊಣಗುತ್ತಿರಲು, ಒಂದು ಬೆರಳಾದ ಮೇಲೆ ಇನ್ನೊಂದನ್ನು ಯಂತ್ರದ ಮೇಲೆ ಒತ್ತಿ ಒತ್ತಿ ನೋಡುವ ಯೋಗ ಖಂಡಿತ ಉಂಟು. ಕಣ್ಣಿನ ಪಾಪೆಯ ಗುರುತು, ಮುಖದ ಗುರುತು, ದೂರವಾಣಿಗೆ ಬರುವ ಸಂಖ್ಯೆ ಮೊದಲಾದ ಬೇರೆ ದಾರಿಗಳು ಆಧಾರ್ ವ್ಯವಸ್ಥೆಯಲ್ಲಿವೆ. ಔಷಧ ನಿಂತ ಮೇಲೆ ಗೆರೆಗಳು ಸಾಮಾನ್ಯವಾಗಿ ಮರಳುತ್ತವೆ. ಆದರೆ ಈ ಎರಡು ಮಾತುಗಳನ್ನು ಮಾತ್ರೆ ಕೊಡುವ ದಿವಸವೇ ಹೇಳಿ, ವೈದ್ಯರ ಒಂದು ಚೀಟಿಯನ್ನೂ ಕೈಗೆ ಕೊಟ್ಟರೆ ಆಕೆ ಅಂಗಡಿಯ ಮುಂದೆ ಅಪರಾಧಿಯಂತೆ ನಿಲ್ಲಬೇಕಾಗುವುದಿಲ್ಲ.

ಕೈಯನ್ನಾದರೂ ಸೆರಗಿನಲ್ಲಿ ಮುಚ್ಚಬಹುದು, ಮುಖವನ್ನು ಮುಚ್ಚುವುದೆಲ್ಲಿ? ಶ್ವಾಸಕೋಶದ ಕೆಲವು ಬಗೆಯ ಕ್ಯಾನ್ಸರಿಗೆ ಕೊಡುವ ಗೆಫಿಟಿನಿಬ್, ಎರ್ಲೋಟಿನಿಬ್ ಎಂಬ ಹೊಸ ಮಾತ್ರೆಗಳು ಮೊದಲ ಎರಡು ವಾರಗಳಲ್ಲಿಯೇ ಮುಖ, ನೆತ್ತಿ, ಎದೆಗಳ ಮೇಲೆ ಮೊಡವೆಯಂಥ ಗುಳ್ಳೆಗಳನ್ನು ಎಬ್ಬಿಸುವುದುಂಟು. ಮಾರಮ್ಮನ ಜಾತ್ರೆ ನಡೆಯುವ ಸೀಮೆಯಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಹಿರಿಯರು ಕೊಡುವ ಅರ್ಥ ಒಂದೇ: ಅಮ್ಮ ಬಂದಿದ್ದಾಳೆ. ಬೇವಿನ ಸೊಪ್ಪು ಬರುತ್ತದೆ; ಒಗ್ಗರಣೆ ನಿಲ್ಲುತ್ತದೆ; ಅಮ್ಮನಿರುವಾಗ ಔಷಧ ಕೂಡದೆಂಬ ನಂಬಿಕೆಯಿಂದ ಮಾತ್ರೆಯೂ ನಿಲ್ಲುತ್ತದೆ. ಇಲ್ಲಿ ಆಗುವ ಹಾನಿ ದೊಡ್ಡದು. ಏಕೆಂದರೆ ಈ ಗುಳ್ಳೆ ಎದ್ದವರಲ್ಲಿಯೇ ಔಷಧ ಹೆಚ್ಚಾಗಿ ನಾಟಿರುವುದನ್ನು ಅನೇಕ ಪರಿಶೋಧನೆಗಳು ಕಂಡಿವೆ. ಯಾವುದು ಶುಭಸೂಚನೆಯಾಗಿರಬಹುದೋ ಅದನ್ನೇ ಕಂಡು ಹೆದರಿ ರೋಗಿ ಔಷಧವನ್ನು ತೊರೆಯುತ್ತಾನೆ. ಮೊದಲಿನಿಂದಲೇ ತೊಗಲಿಗೆ ಜಿಡ್ಡಿನ ಮುಲಾಮು ಹಚ್ಚುತ್ತ, ಬಿಸಿಲಿನಿಂದ ಮರೆಮಾಡಿಕೊಂಡು, ವೈದ್ಯರು ಹೇಳಿದರೆ ಡಾಕ್ಸಿಸೈಕ್ಲಿನ್‌ನಂಥ ಗುಳಿಗೆಯನ್ನು ಜೊತೆಯಲ್ಲಿ ತೆಗೆದುಕೊಂಡರೆ ಗುಳ್ಳೆಗಳ ಉಗ್ರತೆ ತಗ್ಗುತ್ತದೆಂಬುದು ಈಗ ಸಿದ್ಧವಾಗಿರುವ ಮಾತು. ಹೇಳಿದವರಿದ್ದರೆ ಕೇಳುವವರೂ ಇರುತ್ತಿದ್ದರು.

ಕೂದಲಿನ ಕಥೆ ಬೇರೆ. ಅದು ಉದುರುವಾಗ ಹೆಣ್ಣಿಗಾಗುವ ಸಂಕಟ ಅಲ್ಪವಲ್ಲ. ಮುತ್ತೈದೆಯ ಬೋಳುತಲೆಯನ್ನು ಕಂಡು ಹಳೆಯ ಕಾಲದ ಅಶುಭವನ್ನು ನೆನೆಯುವವರು ಇನ್ನೂ ಇದ್ದಾರೆ. ಆದರೂ ಸಮಾಜ ಇಲ್ಲಿ ಒಂದು ಮರೆಯನ್ನು ಒದಗಿಸಿದೆ. ತಿರುಪತಿಗೆ ಮುಡಿ ಕೊಟ್ಟೆನೆಂದರೆ ಯಾರೂ ಎರಡನೆಯ ಪ್ರಶ್ನೆ ಕೇಳರು. ಸುಲಿದ ಅಂಗೈಗೂ ಗುಳ್ಳೆಯೆದ್ದ ಮುಖಕ್ಕೂ ಅಂಥ ಒಂದು ದೇವರ ಹೆಸರಿಲ್ಲ.

ಜನರು ಕರೆಂಟು ಕೊಡುವುದೆಂದು ಕರೆಯುವ ವಿಕಿರಣ ಚಿಕಿತ್ಸೆಯಲ್ಲಿ ತೊಗಲಿನ ಪಾಡು ಇನ್ನೊಂದು ಬಗೆ. ಕಿರಣ ಬೀಳತಕ್ಕ ಜಾಗವನ್ನು ಮಸಿಯಿಂದ ಗುರುತು ಮಾಡುತ್ತಾರೆ. ಕೆಲವು ಕಡೆ ಸೂಜಿಯಿಂದ ಚುಕ್ಕೆಯಿಡುವುದೂ ಉಂಟು. ಕೈಮೇಲೆ ಹಚ್ಚೆ ಹಾಕಿಸಿಕೊಂಡ ಹಳ್ಳಿಯ ಮುದುಕಿಗೆ ಇದು ಹೊಸದಲ್ಲ. ಆದರೆ ಆ ಹಚ್ಚೆ ಶೃಂಗಾರದ್ದು, ಈ ಹಚ್ಚೆ ಬೇರೆಯದು. ಎರಡು ಮೂರು ವಾರಗಳಾಗುವಾಗ ಆ ಜಾಗ ಕೆಂಪಾಗಿ, ಕಪ್ಪಾಗಿ, ಒಣಗಿ ಉದುರಲಾರಂಭಿಸುತ್ತದೆ. ಕಂಕುಳಲ್ಲಿಯೂ ಎದೆಯ ಕೆಳಗಿನ ಮಡಿಕೆಯಲ್ಲಿಯೂ ತೊಗಲು ಸುಲಿದು ಹಸಿಯಾಗುವುದುಂಟು. ರವಿಕೆ ತಾಕಿದರೆ ಉರಿ, ಬೆವರಿದರೆ ಉರಿ. ಆಗ ಮನೆಯ ಹಿರಿಯರು ಅರಿಶಿನವನ್ನೋ ಹರಳೆಣ್ಣೆಯನ್ನೋ ಪ್ರೀತಿಯಿಂದ ಹಚ್ಚಲು ಬರುತ್ತಾರೆ. ಕೇಳದೆ ಏನನ್ನೂ ಹಚ್ಚಬಾರದೆಂದು ಆಸ್ಪತ್ರೆಯವರು ಎಚ್ಚರಿಸುತ್ತಾರೆ. ಆ ಜಾಗಕ್ಕೆ ನೀರು ಸೋಕಿಸಲೇಬಾರದೆಂಬ ವಿಧಿ ಹಿಂದೆ ಬಹು ಕಡೆ ಇತ್ತು. ನಿತ್ಯಸ್ನಾನವನ್ನು ಧರ್ಮವೆಂದೆಣಿಸುವ ಮನೆಗಳಲ್ಲಿ ಅದು ರೋಗಿಗೆ ಎಷ್ಟು ದೊಡ್ಡ ಹಿಂಸೆಯಾಗಿತ್ತೆಂದು ಹೇಳಬೇಕಾಗಿಲ್ಲ. ಉಗುರುಬೆಚ್ಚನೆಯ ನೀರಿನಿಂದಲೂ ಸೌಮ್ಯವಾದ ಸಾಬೂನಿನಿಂದಲೂ ಮೃದುವಾಗಿ ತೊಳೆಯುವುದರಿಂದ ಕೇಡಿಲ್ಲವೆಂದು 1990ರ ದಶಕದಿಂದೀಚೆಗೆ ನಡೆದ ಪರೀಕ್ಷೆಗಳು ತೋರಿಸಿದುವು. ಉಜ್ಜಬಾರದು, ಗುರುತು ಅಳಿಸಬಾರದು, ಅಷ್ಟೆ. ಒಂದು ಚೊಂಬು ನೀರನ್ನು ಹಿಂದಿರುಗಿಸಿದ ಈ ಸಣ್ಣ ಪರೀಕ್ಷೆಗಳು ಮಾಡಿದ ಪುಣ್ಯ ದೊಡ್ಡದು.

ಇವೆಲ್ಲ ಪ್ರಾಣಕ್ಕೆ ಬಂದದ್ದಲ್ಲವಲ್ಲ, ಪ್ರಾಣ ಉಳಿದರೆ ಸಾಲದೆ, ಎಂದು ಕೇಳುವವರಿದ್ದಾರೆ. ಕೇಳುವವರು ಸಾಮಾನ್ಯವಾಗಿ ರೋಗಿಗಳಲ್ಲ. ಬಾಳಿನ ಗುಣವನ್ನು ಅಳೆಯಬೇಕೆಂಬ ಆಲೋಚನೆ ವೈದ್ಯರಿಗೂ ತಡವಾಗಿಯೇ ಬಂದದ್ದು. 1994ರಲ್ಲಿ ಕಾರ್ಡಿಫ್ ನಗರದ ಫಿನ್ಲೆ ಮತ್ತು ಖಾನ್ ಎಂಬ ಇಬ್ಬರು ತೊಗಲಿನ ರೋಗದಿಂದ ಬಾಳು ಎಷ್ಟು ಕೆಟ್ಟಿತೆಂದು ತಿಳಿಯಲು ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಕಳೆದ ವಾರದಲ್ಲಿ ಎಷ್ಟು ತುರಿಕೆಯಾಯಿತು, ಎಷ್ಟು ನಾಚಿಕೆಯಾಯಿತು, ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು ಎಂಬಂಥ ಪ್ರಶ್ನೆಗಳು. ಎಲ್ಲ ಕೂಡಿ 30 ಅಂಕ. ಲೋಕದ ಅನೇಕ ಭಾಷೆಗಳಿಗೆ ಆ ಪಟ್ಟಿ ಸಂದಿದೆ. ಅದು ಉಪಕಾರವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಆಟಪಾಟಗಳಿಗೆ ಅಡ್ಡಿಯಾಯಿತೆ ಎಂಬ ಪ್ರಶ್ನೆಯಿದೆ. ಮುದ್ದೆ ಕಟ್ಟಲಾಯಿತೆ ಎಂಬ ಪ್ರಶ್ನೆಯಿಲ್ಲ. ರೇಷ್ಮೆಯ ಎಳೆ ಬಿರಿದ ಬೆರಳಿಗೆ ಸಿಕ್ಕಿ ಹರಿಯಿತೆ, ಬೆರಳ ಗುರುತನ್ನು ಯಂತ್ರ ಒಪ್ಪಿತೆ, ಮೊಮ್ಮಗುವನ್ನು ಎತ್ತಿಕೊಂಡಿರಾ ಎಂಬ ಪ್ರಶ್ನೆಗಳಿಲ್ಲ. ಪರದೇಶದಲ್ಲಿ ಹುಟ್ಟಿದ ಪಟ್ಟಿಯನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ಈ ಪ್ರಶ್ನೆಗಳನ್ನು ಕೂಡಿಸತಕ್ಕವರು ಕನ್ನಡನಾಡಿನ ವೈದ್ಯರೂ ದಾದಿಯರೂ ಮನೆಯವರೂ.

ಕೇಳದಿದ್ದರೆ ಏನಾಗುತ್ತದೆ? ಪುನಃ ಆ ಗೃಹಿಣಿಯನ್ನೇ ನೋಡಬಹುದು. ಮೂರು ವಾರಗಳಿಗೊಮ್ಮೆ ಆಸ್ಪತ್ರೆಗೆ ಹೋದಾಗ, ಜನಸಂದಣಿಯ ನಡುವೆ ವೈದ್ಯರು ಹೇಗಿದ್ದೀರಮ್ಮ ಎಂದು ವಿಚಾರಿಸುತ್ತಾರೆ. ಚೆನ್ನಾಗಿದೀನಿ ಸಾರ್ ಎನ್ನುತ್ತಾಳೆ. ಇದು ಸುಳ್ಳಲ್ಲ, ಮರ್ಯಾದೆ. ಪ್ರಾಣ ಉಳಿಸುವವರ ಮುಂದೆ ಅಂಗೈಯ ದೂರನ್ನು ಹೇಳುವುದು ಕೃತಘ್ನತೆಯೆಂದು ಆಕೆಯ ಭಾವನೆ. ಹೇಳಿದರೆ ಔಷಧವನ್ನೇ ನಿಲ್ಲಿಸಿಬಿಟ್ಟಾರೆಂಬ ಹೆದರಿಕೆಯೂ ಉಂಟು. ಊರಿಗೆ ಬಂದು, ಉರಿ ತಡೆಯಲಾರದೆ, ಎರಡು ಹೊತ್ತಿನ ಮಾತ್ರೆಯನ್ನು ಒಂದು ಹೊತ್ತಿಗೆ ಇಳಿಸುತ್ತಾಳೆ, ಕೆಲವು ದಿನ ಪೂರ್ತಿ ಬಿಡುತ್ತಾಳೆ, ಯಾರಿಗೂ ಹೇಳುವುದಿಲ್ಲ. ವೈದ್ಯರು ಔಷಧ ನಡೆಯುತ್ತಿದೆಯೆಂದು ತಿಳಿದಿರುತ್ತಾರೆ, ಔಷಧ ಡಬ್ಬಿಯಲ್ಲಿರುತ್ತದೆ. ತೊಗಲಿನ ಸಣ್ಣ ನೋವೆಂದು ಎಲ್ಲರೂ ಅಲಕ್ಷ್ಯ ಮಾಡಿದ್ದು ಹೀಗೆ ಮೆಲ್ಲನೆ ಪ್ರಾಣದ ಪ್ರಶ್ನೆಗೇ ಬಂದು ಸೇರುತ್ತದೆ. ಅಂಗೈಯನ್ನು ತೋರಿಸಿದ್ದರೆ ವೈದ್ಯರೇ ಕೆಲವು ದಿನ ಬಿಡುವು ಕೊಟ್ಟು, ಪ್ರಮಾಣವನ್ನು ತೂಗಿ ನೋಡಿ ತಗ್ಗಿಸಿ, ಚಿಕಿತ್ಸೆಯನ್ನು ಮುಂದುವರಿಸುತ್ತಿದ್ದರು. ವೈದ್ಯರು ಅಳೆದು ತಗ್ಗಿಸುವುದಕ್ಕೂ ರೋಗಿ ಅಡಗಿಸಿ ಬಿಡುವುದಕ್ಕೂ ಅಜಗಜಾಂತರ.

ಪರಿಹಾರಗಳು ದುಬಾರಿಯಾದವೂ ಅಲ್ಲ. ಯೂರಿಯಾ ಬೆರೆತ ಮುಲಾಮು ಅಂಗೈಯ ಬಿರುಕನ್ನು ತಡೆಯುವುದರಲ್ಲಿ ನೆರವಾಗುತ್ತದೆ. ದೆಹಲಿಯ ಏಮ್ಸ್ ಸಂಸ್ಥೆಯ ವೈದ್ಯರು 2024ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇದಕ್ಕಿಂತಲೂ ಆಶಾದಾಯಕವಾದದ್ದು. ಕ್ಯಾಪಿಸಿಟಬೀನ್ ತೆಗೆದುಕೊಳ್ಳುತ್ತಿದ್ದ 264 ರೋಗಿಗಳಲ್ಲಿ ಒಂದು ಪಾಲಿನವರಿಗೆ, ಮೊಣಕಾಲು ನೋವಿಗೆ ಎಲ್ಲ ಅಂಗಡಿಗಳಲ್ಲಿಯೂ ಸಿಕ್ಕುವ ಡೈಕ್ಲೋಫೆನಾಕ್ ಲೇಪವನ್ನು ಅಂಗೈಗೆ ಹಚ್ಚಿಸಿದರು. ಇನ್ನೊಂದು ಪಾಲಿನವರಿಗೆ ಔಷಧವಿಲ್ಲದ ಬರಿಯ ಲೇಪ. ಎರಡನೆಯ ಅಥವಾ ಮೂರನೆಯ ದರ್ಜೆಯ ಬಾಧೆ ಬರಿಯ ಲೇಪದವರಲ್ಲಿ ನೂರಕ್ಕೆ 15 ಮಂದಿಗೆ ಬಂದರೆ, ಔಷಧದ ಲೇಪದವರಲ್ಲಿ ನೂರಕ್ಕೆ 4ಕ್ಕಿಂತ ಕಡಮೆ. ಇದನ್ನೂ ವೈದ್ಯರನ್ನು ಕೇಳಿಯೇ ಹಚ್ಚತಕ್ಕದ್ದು. ಆದರೆ ಇಂಥ ಸಾಮಾನ್ಯ ವಸ್ತುವಿನಿಂದ ಇಂಥ ದೊಡ್ಡ ಕಷ್ಟ ತಪ್ಪಬಹುದೆಂದು ತಿಳಿಯಬೇಕಾದರೆ ಮೊದಲು ಆ ಕಷ್ಟ ಕಷ್ಟವೆಂದು ಯಾರಾದರೂ ಒಪ್ಪಬೇಕಾಗಿತ್ತು. ಆ ವೈದ್ಯರ ಹಿರಿಮೆ ಅಷ್ಟರಲ್ಲಿಯೇ ಇದೆ.

ಉಳಿದದ್ದು ಓದುಬಲ್ಲ ಮನೆಗಳ ಪಾಲಿನ ಕರ್ತವ್ಯ. ನೆರೆಯಲ್ಲಿ ಇಂಥ ಚಿಕಿತ್ಸೆಯಲ್ಲಿರುವವರಿದ್ದರೆ ಅವರ ಮಾತ್ರೆಯ ಚೀಟಿಯನ್ನು ಓದಿ ಹೇಳಬಹುದು. ಆಸ್ಪತ್ರೆಗೆ ಹೊರಟಾಗ, ಕೈಕಾಲುಗಳನ್ನು ತಪ್ಪದೆ ವೈದ್ಯರಿಗೆ ತೋರಿಸಿರೆಂದು ನೆನಪು ಮಾಡಬಹುದು. ಇದು ಅಂಟುಜಾಡ್ಯವಲ್ಲವೆಂಬ ಮಾತನ್ನು ನಲ್ಲಿಯ ಬಳಿ ನಾಲ್ಕು ಜನಕ್ಕೆ ಕೇಳುವಂತೆ ಆಡಬಹುದು. ಕೆಲವು ವಾರಗಳ ಮಟ್ಟಿಗೆ ಆ ಮನೆಯ ಮುದ್ದೆಯನ್ನು ಸೊಸೆಯೋ ಮಗನೋ ಕಟ್ಟಿದರೆ ಮನೆತನಕ್ಕೆ ಕುಂದಿಲ್ಲ. ಹಬ್ಬದ ದಿವಸ ಆಕೆಯನ್ನು ಕರೆದು, ಎಲ್ಲರ ಸಾಲಿನಲ್ಲಿಯೇ ಎಲೆ ಹಾಕಿ, ಆಕೆಯ ಎಲೆಗೆ ಕಾರವಿಲ್ಲದ ಸಾರನ್ನು ಸದ್ದಿಲ್ಲದೆ ಬಡಿಸುವುದು ಯಾವ ವೈದ್ಯನ ಚೀಟಿಯಲ್ಲಿಯೂ ಬರೆದಿರುವುದಿಲ್ಲ. ಅದು ತಿಳಿದವರು ಮಾಡತಕ್ಕ ಕೆಲಸ.